ಹಣದ ವಿಳಾಸಕ್ಕೆ ಹೆಸರು. ಹೆಸರಿಗೆ ಹೊಣೆ ಯಾರು?

ಹಣ ಕಳುಹಿಸುವವನ ಮೊದಲ ಚಿಂತೆ ಅದು ಯಾರ ಕೈ ಸೇರುವುದೆಂಬುದೇ. ಪೂರ್ವಕಾಲದ ನಮ್ಮ ಸಾವುಕಾರರು ಈ ಚಿಂತೆಯಿಂದಲೇ ಹುಂಡಿಗಳಲ್ಲಿ ಭೇದಗಳನ್ನು ಮಾಡಿದ್ದರು. ಧನೀಜೋಗ ಹುಂಡಿಯ ಹಣ ಅದನ್ನು ಕೈಯಲ್ಲಿ ಹಿಡಿದು ತಂದವನಿಗೆ ಸಲ್ಲುತ್ತಿತ್ತು. ನಾಮಜೋಗ ಹುಂಡಿಯದು ಅದರಲ್ಲಿ ಹೆಸರಿಸಿದವನಿಗೆ. ಶಹಾಜೋಗ ಹುಂಡಿಯದಾದರೋ ಪೇಟೆಯಲ್ಲಿ ಪತ್ತುಳ್ಳ ಗೃಹಸ್ಥನಿಗೆ ಮಾತ್ರ. ಹೆಸರೂ ಬೇಕು, ಆ ಹೆಸರಿಗೆ ಹೊಣೆಯಾಗುವವನೂ ಬೇಕು ಎಂಬುದೇ ಇದರ ತಾತ್ಪರ್ಯ. ಕ್ರಿಪ್ಟೊ ನಾಣ್ಯವೆಂಬ ಹೊಸ ದ್ರವ್ಯದ ವ್ಯವಹಾರವನ್ನು ನೋಡುವಾಗ ಈ ಹಳೆಯ ವಿವೇಕವು ನಮ್ಮ ನೆನಪಿಗೆ ಬರುತ್ತದೆ.

ಬ್ಲಾಕ್‌ಚೈನ್ ಎಂದರೆ ಲೋಕದ ನಾನಾ ಕಡೆಯ ಕಂಪ್ಯೂಟರುಗಳು ಒಟ್ಟಾಗಿ ಬರೆದು ಕಾಯುವ ಒಂದು ಸಾಮಾನ್ಯ ಕಿರ್ದಿ. ಅದರಲ್ಲಿ ಒಮ್ಮೆ ಜಮೆಯಾದದ್ದನ್ನು ಹಿಂತಿರುಗಿಸಲು ಮ್ಯಾನೇಜರನಿಲ್ಲ, ಅರ್ಜಿ ಕೊಡಲು ಕಚೇರಿಯಿಲ್ಲ. ಎಥೀರಿಯಂ ನಾಣ್ಯದ ಒಂದು ವಿಳಾಸದಲ್ಲಿ ಅಕ್ಷರ, ಅಂಕಿಗಳು ಸೇರಿ 42. ಅವುಗಳಲ್ಲಿ ಅರ್ಥವಿಲ್ಲ, ಅನ್ವಯವಿಲ್ಲ. ಜನರು ಆದಿಯ ನಾಲ್ಕು, ಅಂತ್ಯದ ನಾಲ್ಕು ನೋಡಿ ತೃಪ್ತರಾಗುತ್ತಾರೆ. ಇದನ್ನರಿತ ವಂಚಕರು ಆದ್ಯಂತಗಳು ಹೊಂದುವ ಹುಸಿ ವಿಳಾಸವನ್ನು ಸೃಷ್ಟಿಸಿ, ಅದರಿಂದ ಪುಡಿಹಣ ಕಳುಹಿಸಿ, ಹಳೆಯ ವ್ಯವಹಾರಗಳ ಪಟ್ಟಿಯಲ್ಲಿ ಅದು ಕುಳಿತಿರುವಂತೆ ಮಾಡುತ್ತಾರೆ. 2024ರ ಮೇ ತಿಂಗಳಲ್ಲಿ ಒಬ್ಬನು ಇಂತಹ ವಿಳಾಸವನ್ನು ನಂಬಿ ಸುಮಾರು 6 ಕೋಟಿ 80 ಲಕ್ಷ ಡಾಲರುಗಳ ಬೆಲೆಯ ನಾಣ್ಯವನ್ನು ಕಳುಹಿಸಿಬಿಟ್ಟನು. ಮಾತುಕತೆಯ ನಂತರ ಅದರ ಬಹುಭಾಗವು ಮರಳಿತಾದರೂ ಅಂತಹ ಭಾಗ್ಯವು ಎಲ್ಲರಿಗೂ ಒದಗಲಾರದು.

ಇದಕ್ಕೆ ಪರಿಹಾರವೆಂದು ಹೆಸರುಗಳ ಪದ್ಧತಿಯು ಹುಟ್ಟಿದೆ. 2011ರಲ್ಲಿ ನೇಮ್‌ಕಾಯಿನ್ ಈ ದಾರಿಯನ್ನು ತೆರೆಯಿತು. 2017ರ ಮೇ 4ರಂದು ಎಥೀರಿಯಂ ನೇಮ್ ಸರ್ವಿಸ್ ಆರಂಭವಾಯಿತು. ಇದರಲ್ಲಿ ಐದು ಅಥವಾ ಹೆಚ್ಚಿನ ಅಕ್ಷರಗಳ ಹೆಸರಿಗೆ ವರ್ಷಕ್ಕೆ 5 ಡಾಲರ್ ಬಾಡಿಗೆ. ‘ಡಾಟ್ ಇ.ಟಿ.ಎಚ್.’ ಎಂದು ಮುಗಿಯುವ ಆ ಹೆಸರನ್ನು ಬರೆದರೆ ಸಾಕು. ಅದರ ಹಿಂದಿರುವ 42 ಅಕ್ಷರಗಳ ವಿಳಾಸವನ್ನು ಯಂತ್ರವೇ ಹುಡುಕಿ ಕೊಡುವುದು. ಕೈತಪ್ಪು ತಗ್ಗುವುದು ನಿಶ್ಚಯ. ಈ ಸುಧಾರಣೆಯನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ.

ಆದರೆ ಕೈತಪ್ಪು ಬೇರೆ, ಮೋಸ ಬೇರೆ. ಈ ಹೆಸರನ್ನು ಮೊದಲು ಕೇಳಿದವನಿಗೆ ಕೊಡುತ್ತಾರಲ್ಲದೆ ಅವನು ಯಾರೆಂದು ವಿಚಾರಿಸುವುದಿಲ್ಲ. ಬಾಡಿಗೆ ತೀರಿ 90 ದಿನಗಳ ವಾಯಿದೆಯೂ ಕಳೆದರೆ ಅದೇ ಹೆಸರನ್ನು ಪರನೊಬ್ಬನು ಕೊಳ್ಳಬಹುದು; ಆಗ ಹಳೆಯ ಪರಿಚಯದಿಂದ ಕಳುಹಿಸಿದ ಹಣ ಹೊಸಬನ ಪಾಲು. ಕನ್ನಡಿಗರಿಗೆ ಇನ್ನೊಂದು ವಿಶೇಷ ಅಪಾಯವುಂಟು. ಹುಕ್ಕೇರಿ ತಾಲೂಕಿನ ಯಮಕನಮರಡಿಯ ಹೆಸರನ್ನೇ ನೋಡಿರಿ. ಕನ್ನಡದಲ್ಲಿ ಇದಕ್ಕೆ ಒಂದೇ ರೂಪ. ರೋಮನ್ ಲಿಪಿಯಲ್ಲಾದರೋ ‘ಯಮಕನ್‌ಮರಡಿ’, ‘ಯಮ್‌ಕನ್‌ಮರ್ಡಿ’, ಚುನಾವಣೆಯ ಕಾಗದಗಳಲ್ಲಿ ‘ಯೆಮ್‌ಕನ್‌ಮರ್ಡಿ’. ಇಲ್ಲಿಯ ವ್ಯಾಪಾರಿಯೊಬ್ಬನು ಊರ ಹೆಸರಿನಿಂದ ಒಂದು ವಿಳಾಸ ಪಡೆದರೆ, ಉಳಿದ ರೂಪಗಳನ್ನು ಪಡೆಯಲು ಠಕ್ಕನಿಗೆ ಅಡ್ಡಿಯೇನು? ಕನ್ನಡ ಲಿಪಿಯಲ್ಲಿಯೂ ಎಚ್ಚರ ಬೇಕು: ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ, ತೆಲುಗಿನ ಅನೇಕ ಅಕ್ಷರಗಳು ನಮ್ಮವುಗಳ ಪ್ರತಿರೂಪಗಳೇ.

ನಮ್ಮ ಬ್ಯಾಂಕುಗಳ ವೃತ್ತಾಂತವೂ ಇದೇ ಪಾಠವನ್ನು ಹೇಳುತ್ತದೆ. 2010ರಲ್ಲಿ ರಿಜರ್ವ್ ಬ್ಯಾಂಕು ಖಾತೆಯ ಸಂಖ್ಯೆಯೊಂದನ್ನೇ ನೋಡಿ ಹಣ ಜಮೆ ಮಾಡಲು ಬ್ಯಾಂಕುಗಳಿಗೆ ಅವಕಾಶವಿತ್ತಿತು. 2016ರಲ್ಲಿ ಬಂದ ಯು.ಪಿ.ಐ. ಸಂಖ್ಯೆಗೆ ಬದಲು ಸುಲಭವಾದ ಹೆಸರಿನ ವಿಳಾಸವನ್ನು ಕೊಟ್ಟಿತು. ಕೊನೆಗೆ, ಆರ್.ಟಿ.ಜಿ.ಎಸ್. ಮತ್ತು ಎನ್.ಇ.ಎಫ್.ಟಿ. ಮೂಲಕ ಹಣ ಕಳುಹಿಸುವವನಿಗೆ ಪಡೆಯುವವನ ಹೆಸರನ್ನು ಮೊದಲೇ ತೋರಿಸತಕ್ಕದ್ದೆಂದು ರಿಜರ್ವ್ ಬ್ಯಾಂಕು 2024ರ ಡಿಸೆಂಬರ 30ರಂದು ಆಜ್ಞಾಪಿಸಿ, 2025ರ ಏಪ್ರಿಲ್ 1ರ ಗಡುವನ್ನು ವಿಧಿಸಿತು. ಅಲ್ಲಿ ಕಾಣುವ ಹೆಸರು ಖಾತೆದಾರನು ತಾನೇ ಇಟ್ಟುಕೊಂಡ ಬಿರುದಲ್ಲ. ಬ್ಯಾಂಕು ದಾಖಲೆ ನೋಡಿ ಬರೆದುಕೊಂಡದ್ದು. ಇದೇ ನಮ್ಮ ಕಾಲದ ಶಹಾಜೋಗ. ಕ್ರಿಪ್ಟೊ ಹೆಸರಿಗೆ ಇಂತಹ ಹೊಣೆಗಾರನಿಲ್ಲ.

ಸರಕಾರವು ಈ ನಾಣ್ಯಗಳ ಲಾಭದ ಮೇಲೆ 2022ರಿಂದ ನೂರಕ್ಕೆ 30ರಂತೆ ಕರ ಎತ್ತುತ್ತಲಿದೆ. ಕರ ಎತ್ತುವವರಿಗೆ ಪ್ರಜೆಯನ್ನು ಎಚ್ಚರಿಸುವ ಧರ್ಮವೂ ಉಂಟಷ್ಟೆ. ದೇಶದಲ್ಲಿ ನೋಂದಾಯಿತವಾದ ವಿನಿಮಯ ಸಂಸ್ಥೆಗಳು ಹೆಸರಿನೊಡನೆ ಅದರ ಪೂರ್ಣ ವಿಳಾಸವನ್ನೂ, ಆ ಹೆಸರು ಇತ್ತೀಚೆಗೆ ಕೈ ಬದಲಾಯಿಸಿದ್ದರೆ ಆ ಸಂಗತಿಯನ್ನೂ, ಕನ್ನಡದಲ್ಲಿ ತೋರಿಸುವಂತೆ ಕಟ್ಟುಮಾಡಬೇಕು.

ಅಲ್ಲಿಯ ವರೆಗೆ ವಾಚಕರು ಮಾಡತಕ್ಕದ್ದಿಷ್ಟು. ಹೆಸರನ್ನು ಆಪ್ತನ ಬಾಯಿಂದಲೇ ಕೇಳಿ, ಅಕ್ಷರ ಅಕ್ಷರವಾಗಿ ಬರೆದುಕೊಳ್ಳಿರಿ. ಹಳೆಯ ಪಟ್ಟಿಯಿಂದ ವಿಳಾಸ ಎತ್ತಬೇಡಿರಿ. ಮೊದಲು ಅಲ್ಪ ಮೊತ್ತ ಕಳುಹಿಸಿ, ಮುಟ್ಟಿತೆಂದು ದೂರವಾಣಿಯಲ್ಲಿ ಖಾತ್ರಿ ಮಾಡಿಕೊಂಡೇ ಉಳಿದುದನ್ನು ಕಳುಹಿಸಿರಿ. ಮೋಸವಾದರೆ ತಡಮಾಡದೆ 1930ಕ್ಕೆ ದೂರು ಕೊಡಿರಿ. ಹೆಸರು ದಾರಿಯನ್ನು ತೋರಿಸೀತು. ಬಾಗಿಲಲ್ಲಿ ನಿಂತವನು ಯಾರೆಂದು ನೋಡುವ ಕೆಲಸ ನಮ್ಮದೇ.