ರಿಪೋರ್ಟಿನಲ್ಲಿ ಒಂದು ‘ಅಥವಾ’

ನಾನು ಡಾಕ್ಟರಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆದರೂ ಇಂಗ್ಲಿಷ್ ಬರುತ್ತದೆಂದು ಕೊಹಿನೂರಿನ ನೆರೆಹೊರೆಯವರು ಸ್ಕ್ಯಾನಿಂಗ್ ರಿಪೋರ್ಟು ಹಿಡಿದು ಬರುತ್ತಾರೆ. “ಕಾಕಾ, ಇದ್ರಾಗ ಏನ್ ಬರ್ದಾರ ನೋಡ್ರಿ.” ಮಗುವಿಗೆ ಫಿಟ್ಸ್ ಬಂದಿರುತ್ತದೆ. ರಿಪೋರ್ಟಿನ ಕೊನೆಗೆ ಎರಡು ಮೂರು ಕಾಯಿಲೆಗಳ ಹೆಸರು, ನಡುವೆ ‘ಅಥವಾ’. ಮನೆಯವರಿಗೆ ಆ ‘ಅಥವಾ’ ಕಾಣುವುದಿಲ್ಲ. ಗಡ್ಡೆ ಎಂದೊಡನೆ ಹೊಲ ಮಾರುವ ಮಾತು ಶುರುವಾಗುತ್ತದೆ.

ಮಕ್ಕಳೇ, ಸಿ.ಟಿ. ಸ್ಕ್ಯಾನ್ ಯಂತ್ರ ರೂಪಿಸಿದವರು ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. 1971ರಲ್ಲಿ ಅದು ಮೊದಲ ಸಲ ರೋಗಿಯೊಬ್ಬರ ತಲೆಯೊಳಗನ್ನು ತೋರಿಸಿತು. 1979ರಲ್ಲಿ ಅವರಿಗೆ ನೊಬೆಲ್ ಬಂತು. ಆಮೇಲೆ ಬಂದ ಎಂ.ಆರ್.ಐ. ಇನ್ನೂ ಸ್ಪಷ್ಟ. ಗಂಟು ಎಲ್ಲಿದೆ, ಎಷ್ಟು ದೊಡ್ಡದು ಎಂದು ಇವು ಹೇಳಬಲ್ಲವು. ಅದು ಯಾವ ಗಂಟು ಎಂಬಲ್ಲಿ ಹಲವು ಸಲ ಊಹೆಯೇ.

ನಮ್ಮ ದೇಶದಲ್ಲಿ ಈ ತೊಡಕು ಹೆಚ್ಚು. ಹಂದಿಯ ಲಾಡಿಹುಳುವಿನ ಮೊಟ್ಟೆ ಕೊಳಕು ಕೈಯಿಂದಲೋ ತೊಳೆಯದ ಸೊಪ್ಪಿನಿಂದಲೋ ಹೊಟ್ಟೆ ಸೇರುತ್ತದೆ. ಮಾಂಸ ಮುಟ್ಟದವರಿಗೂ ಬರುತ್ತದೆ. ಅದರ ಮರಿ ಮಿದುಳಿನಲ್ಲಿ ಕೂತರೆ ಸ್ಕ್ಯಾನಿನಲ್ಲಿ ಉಂಗುರದಂಥ ಚುಕ್ಕೆ. ಕ್ಷಯದ ಗಂಟೂ ಉಂಗುರವೇ, ಕೆಲವು ಗಡ್ಡೆಗಳೂ ಉಂಗುರವೇ. ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯ ಡಾ. ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು 1993ರಲ್ಲಿ ಒಂದು ಲೆಕ್ಕ ಕೊಟ್ಟರು: ಚುಕ್ಕೆ ಒಂದೇ, 20 ಮಿ.ಮೀ.ಗಿಂತ ಚಿಕ್ಕದು, ತಲೆಯೊಳಗೆ ಒತ್ತಡವಿಲ್ಲ, ಕೈಕಾಲಿನ ಶಕ್ತಿ ಕುಂದುತ್ತಿಲ್ಲ ಎಂದರೆ ಹುಳುವಿನದೇ ಇರುವ ಸಂಭವ ಹೆಚ್ಚು. ಕೆಲವು ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಮಾಡಿದರೆ ಹಲವರಲ್ಲಿ ಆ ಚುಕ್ಕೆ ಮಾಯವಾಗಿರುತ್ತದೆ.

ನಿಜವಾದ ಗಡ್ಡೆಯಾದರೂ ‘ಅಥವಾ’ ತಪ್ಪದು. ಮಕ್ಕಳ ಕಿರುಮಿದುಳಿನಲ್ಲಿ ಬೆಳೆಯುವ ಮೆಡುಲ್ಲೋಬ್ಲಾಸ್ಟೋಮಾ, ಪೈಲೋಸೈಟಿಕ್ ಆಸ್ಟ್ರೋಸೈಟೋಮಾ ಎರಡೂ ಚಿತ್ರದಲ್ಲಿ ಒಮ್ಮೊಮ್ಮೆ ಒಂದೇ ಥರ. ಎರಡನೆಯದಕ್ಕೆ ಪೂರ್ತಿ ತೆಗೆದರೆ ಎಷ್ಟೋ ಸಲ ಆಪರೇಷನ್ನೇ ಸಾಕು. ಮೊದಲನೆಯದಕ್ಕೆ ಮುಂದೆ ಕೀಮೋ, ಸಾಮಾನ್ಯವಾಗಿ ರೇಡಿಯೇಶನ್ ಕೂಡ ಬೇಕು. ಅದಕ್ಕೇ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತೆಗೆದ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತಾರೆ. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಪ್ರಕಾರ ಎಷ್ಟೋ ಗಡ್ಡೆಗಳಿಗೆ ಜೀನ್ ಪರೀಕ್ಷೆಯೂ ಬೇಕು. ಮಿದುಳಕಾಂಡದ ಗಡ್ಡೆಗೆ ಮಾತ್ರ ಸೂಜಿ ಹಾಕುವುದೇ ಅಪಾಯ. ಅಲ್ಲಿ ಎಷ್ಟೋ ಸಲ ಚಿತ್ರವನ್ನೇ ನಂಬಬೇಕಾಗುತ್ತದೆ.

ಅಜ್ಜ ಅಜ್ಜಿಯರು ಇಷ್ಟು ಗಮನಿಸಿ: ಬೆಳಗ್ಗೆ ಏಳುತ್ತಲೇ ತಲೆನೋವು, ವಾಂತಿ, ನಡೆಯುವಾಗ ತೂರಾಟ, ಹೊಸದಾಗಿ ಮೆಳ್ಳಗಣ್ಣು ಕಂಡರೆ ದೃಷ್ಟಿ ತೆಗೆಯುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಕಲಬುರಗಿಯೋ ಹೈದರಾಬಾದೋ, ಹೋಗುವಾಗ ಹಳೆಯ ಫಿಲ್ಮು, ಸಿ.ಡಿ. ಎಲ್ಲ ಚೀಲದಲ್ಲಿರಲಿ. ಎರಡನ್ನೂ ಪಕ್ಕಪಕ್ಕ ಹಿಡಿದರೇ ಚುಕ್ಕೆ ಬೆಳೆದಿದೆಯೋ ಕರಗಿದೆಯೋ ತಿಳಿಯುವುದು. ಗ್ರಹಣ ನೋಡಲೆಂದು ಆ ಫಿಲ್ಮನ್ನು ಮೊಮ್ಮಕ್ಕಳ ಕೈಗೆ ಕೊಡಬೇಡಿ. ಅದು ಕಣ್ಣಿಗೂ ಕೇಡು.