ಬೆಕ್ಕು ಕಾಣಲೇ ಇಲ್ಲ

ಸಣ್ಣಕಥೆಯೊಂದು ನ್ಯೂಸ್ ಆಗೋದು ಅಪರೂಪ. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಂದ ಕ್ರಿಸ್ಟನ್ ರೂಪೇನಿಯನ್ ಅವರ ‘ಕ್ಯಾಟ್ ಪರ್ಸನ್’ ನ್ಯೂಸ್ ಆಯ್ತು. ಮೀಟೂ ಬಿರುಗಾಳಿ ಎದ್ದು ಆಗಿನ್ನೂ ಎರಡು ತಿಂಗಳು.

ಕಥೆ ಇಷ್ಟೇ ನೋಡಿ. ಮಾರ್ಗೊ, 20ರ ಕಾಲೇಜು ಹುಡುಗಿ, ಥಿಯೇಟರ್‌ನ ತಿಂಡಿ ಕೌಂಟರ್‌ನಲ್ಲಿ ಕೆಲಸ. ಗಿರಾಕಿಯಾಗಿ ಬಂದ ರಾಬರ್ಟ್‌ಗೆ 34. ವಾರಗಟ್ಟಲೆ ಬರೀ ಮೆಸೇಜು. ಅದರಲ್ಲಿ ದನಿ ಇಲ್ಲ, ಮುಖ ಇಲ್ಲ. ಉಳಿದದ್ದನ್ನೆಲ್ಲ ಅವಳೇ ತುಂಬಿಕೊಂಡಿದ್ದಳು. ಎದುರಿಗೆ ಬಂದವನು ಬೇರೆಯೇ ಮನುಷ್ಯ. ಎರಡು ಬೆಕ್ಕು ಸಾಕಿದ್ದೀನಿ ಅಂದಿದ್ದ. ಮನೆಗೆ ಹೋದರೆ ಒಂದೂ ಕಾಣಲಿಲ್ಲ.

ಅಲ್ಲಿ ಅವಳ ಮನಸ್ಸು ಬೇಡ ಅಂತು. ಆದರೆ ಇಷ್ಟು ದೂರ ಬಂದು ಈಗ ಬೇಡ ಅನ್ನೋದು ಹೇಗೆ? ಅವನು ಬಲವಂತ ಮಾಡಲಿಲ್ಲ, ಹೆದರಿಸಲಿಲ್ಲ. ದಾಕ್ಷಿಣ್ಯಕ್ಕೇ ಒಪ್ಪಿಕೊಂಡುಬಿಟ್ಟಳು. ಎಫ್‌ಐಆರ್‌ನಲ್ಲಿ ಬರೆಸುವಂಥದ್ದೇನೂ ಇಲ್ಲ. ಹಾಗಾಗಿ ನಮ್ಮಂಥ ಚಾನೆಲ್‌ಗೆ ಇದು ಬ್ರೇಕಿಂಗ್ ನ್ಯೂಸೂ ಅಲ್ಲ. ದಾಕ್ಷಿಣ್ಯಕ್ಕೆ ಬಸಿರಾದಳು ಅಂತ ನಮ್ಮಲ್ಲಿ ಹೀಯಾಳಿಸಿ ಆಡೋ ಮಾತಿದೆಯಲ್ಲ, ನಾನೂ ಅದನ್ನು ಆಡಿ ನಕ್ಕವನೇ. ಈ ಕಥೆ ಓದಿದ ಮೇಲೆ ಅದು ಬಾಯಿಗೆ ಬರ್ತಿಲ್ಲ.

‘ಪಾಪ, ರಾಬರ್ಟ್‌ನದೇನು ತಪ್ಪು?’ ಅಂತ ಎಷ್ಟೋ ಗಂಡಸರು ವಾದಕ್ಕಿಳಿದರು. ಅರ್ಧ ದಾರಿಯವರೆಗೆ ನಾನೂ ಅವರ ಜೊತೆಗಿದ್ದೆ. ಕೊನೆಗೆ ‘ಬೇಡ’ ಎಂಬ ಮೆಸೇಜನ್ನೂ ಮಾರ್ಗೊಳ ರೂಮ್‌ಮೇಟ್ ಫೋನ್ ಕಿತ್ತುಕೊಂಡು ಕಳಿಸಬೇಕಾಯ್ತು. ಆಮೇಲೊಂದು ರಾತ್ರಿ ರಾಬರ್ಟ್‌ನಿಂದ ಸಾಲುಸಾಲು ಮೆಸೇಜು. ಕೊನೆಯದು ಒಂದೇ ಶಬ್ದ, ಬೈಗುಳ. ಕಥೆ ಅಲ್ಲಿಗೇ ನಿಲ್ಲುತ್ತೆ. ನಾನದನ್ನು ಟಿವಿಯಲ್ಲಿ ಹೇಳಿದ್ದರೆ ಬೀಪ್ ಹಾಕ್ತಿದ್ದರು.