63 ಗ್ರಾಂ ನೀರು: ಒಣಗಿದ ಸಿಗಾರಿನ ಲೆಕ್ಕ

ರೊಬಸ್ಟೊ ಅಳತೆಯ ಒಂದು ಸಿಗಾರಿನ ಉದ್ದ 124 ಮಿಲಿಮೀಟರ್, ದಪ್ಪ 20 ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ, ತೂಕ 12 ಗ್ರಾಂ ಆಸುಪಾಸು. ಹದವಾಗಿದ್ದಾಗ ಆ ತೂಕದಲ್ಲಿ ಶೇ. 13ರಷ್ಟು ನೀರು ಎಂದು ಹಿಡಿಯೋಣ. ಅಂದರೆ 1.56 ಗ್ರಾಂ ನೀರು, 10.44 ಗ್ರಾಂ ಒಣ ಎಲೆ. ಬೇಸಿಗೆಯಲ್ಲಿ ಮರೆತುಹೋದ ಪೆಟ್ಟಿಗೆಯೊಳಗೆ ಆ ನೀರು ಶೇ. 8ಕ್ಕೆ ಇಳಿದರೆ ತೂಕ 11.35 ಗ್ರಾಮಿಗೆ ಬರುತ್ತದೆ. ಕಳೆದುಹೋದದ್ದು 0.65 ಗ್ರಾಂ. ಅಷ್ಟರಲ್ಲೇ ಮೇಲಿನ ಎಲೆ ಬೆರಳು ತಾಗಿದರೆ ಚಟಚಟ ಎನ್ನುತ್ತದೆ, ಹೊಗೆ ಬಿಸಿಯೂ ಖಾರವೂ ಆಗುತ್ತದೆ.

25 ಸಿಗಾರುಗಳ ಒಂದು ಪೆಟ್ಟಿಗೆಗೆ ಇದು 16 ಗ್ರಾಂ, ಒಂದು ದೊಡ್ಡ ಚಮಚ ನೀರು. ಈ 16ನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ 17.3 ಗ್ರಾಂ. ಶೇ. 70 ಆರ್ದ್ರತೆಯೆಂದರೆ ಅದರಲ್ಲಿ 12.1 ಗ್ರಾಂ. ಮೇಜಿನ ಮೇಲಿಡುವ 10 ಲೀಟರಿನ ಪೆಟ್ಟಿಗೆಯ ಗಾಳಿಯಲ್ಲಿ ಇರುವುದು ಇದರ ನೂರನೇ ಒಂದು ಪಾಲು, 0.12 ಗ್ರಾಂ. ಎಲೆಗೆ ಬೇಕಾದ ನೀರು ಗಾಳಿಯಲ್ಲಿರುವ ನೀರಿನ 130 ಪಟ್ಟಿಗೂ ಹೆಚ್ಚು.

ಮುಚ್ಚಳದ ಒಳಗಿನ ಆರ್ದ್ರತಾ ಮಾಪಕ 70 ತೋರಿಸಿದ ಕೂಡಲೇ ಸಿಗಾರು ಸುಧಾರಿಸಿತು ಎಂದು ನಂಬುವವರು ಎಡವುವುದು ಇಲ್ಲೇ. ಗಾಳಿಗೆ 70 ಮುಟ್ಟಲು ಒಂದು ಗಂಟೆ ಸಾಕು. ಸಿಗಾರಿನ ನಡುವಿನ ತಿರುಳಿಗೆ ವಾರಗಳು ಬೇಕು. ಆದ್ದರಿಂದ ಈ ಕೆಲಸವನ್ನು ಶೇಕಡಾವಾರಿನಲ್ಲಿ ನೋಡುವುದಕ್ಕಿಂತ ಗ್ರಾಂಗಳಲ್ಲಿ ನೋಡುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನೀರಿಗಾಗಿ ಸಿಗಾರಿನ ಜೊತೆ ಪೈಪೋಟಿಗಿಳಿಯುವ ಇನ್ನೊಂದು ವಸ್ತು ಅದೇ ಪೆಟ್ಟಿಗೆಯಲ್ಲಿದೆ: ಮರ. ಒಳಗೆ ಹೊದಿಸುವುದು ‘ಸ್ಪ್ಯಾನಿಷ್ ಸೀಡರ್’. ಹೆಸರಲ್ಲಿ ಸೀಡರ್ ಇದ್ದರೂ ಇದು ದೇವದಾರುವಿನ ಬಳಗದ್ದಲ್ಲ, ನಮ್ಮ ಬೇವಿನ ಕುಟುಂಬದ ಮರ. ಹುಟ್ಟೂರು ಮಧ್ಯ ಮತ್ತು ದಕ್ಷಿಣ ಅಮೆರಿಕ, ಕೆರಿಬಿಯನ್ ದ್ವೀಪಗಳು. 30, 22, 15 ಸೆಂಟಿಮೀಟರ್ ಒಳ ಅಳತೆಯ ಪೆಟ್ಟಿಗೆಗೆ 5 ಮಿಲಿಮೀಟರ್ ದಪ್ಪದ ಹಲಗೆ ಹೊದಿಸಿದರೆ ಮರದ ಗಾತ್ರ 1,440 ಘನ ಸೆಂಟಿಮೀಟರ್, ತೂಕ 675 ಗ್ರಾಂ ಸುಮಾರು. ಮರ ಶೇ. 30 ಆರ್ದ್ರತೆಯ ಗಾಳಿಯಲ್ಲಿ ತನ್ನ ಒಣ ತೂಕದ ಶೇ. 6.2ರಷ್ಟು ನೀರು ಇಟ್ಟುಕೊಳ್ಳುತ್ತದೆ, ಶೇ. 70ರಲ್ಲಿ ಶೇ. 13.1ರಷ್ಟು. ಎರಡರ ನಡುವಿನ ವ್ಯತ್ಯಾಸವೇ ಸುಮಾರು 47 ಗ್ರಾಂ, ಸಿಗಾರುಗಳ ಬಾಯಾರಿಕೆಯ ಮೂರು ಪಟ್ಟು! ಒಣಗಿದ ಪೆಟ್ಟಿಗೆಗೆ ಒಳ್ಳೆಯ ಸಿಗಾರು ತುಂಬಿದರೆ ಮರ ಮೊದಲು ಸಿಗಾರಿನಿಂದಲೇ ನೀರು ಹೀರುತ್ತದೆ. ಅದಕ್ಕೇ ಪೆಟ್ಟಿಗೆಯನ್ನು ಖಾಲಿ ಇಟ್ಟು, ಒಳಗಾಳಿಯನ್ನು ಶೇ. 84ರ ಆರ್ದ್ರತೆಯಲ್ಲಿಡುವ ಪೊಟ್ಟಣಗಳನ್ನು ಹಾಕಿ 14 ದಿನ ಮುಚ್ಚಿಡುವ ಕ್ರಮ ಬಂದಿದೆ. ಒದ್ದೆ ಬಟ್ಟೆಯಿಂದ ಒರೆಸಿ ಅವಸರ ಮಾಡಿದರೆ ಹಲಗೆ ಬಾಗುತ್ತದೆ, ಮುಚ್ಚಳ ಕೂರುವುದಿಲ್ಲ.

16 ಮತ್ತು 47 ಸೇರಿ 63 ಗ್ರಾಂ. ಡಿಸ್ಟಿಲ್ಡ್ ನೀರಿಗೆ ಲೀಟರಿಗೆ 40 ರೂಪಾಯಿ ಎಂದಿಟ್ಟರೂ ಇಡೀ ರಿಪೇರಿಗೆ ತಗಲುವ ನೀರಿನ ಬೆಲೆ ಎರಡೂವರೆ ರೂಪಾಯಿ. ಉಳಿದ ಖರ್ಚೆಲ್ಲ ಆ ನೀರನ್ನು ನಿಧಾನಿಸುವುದಕ್ಕೆ.

ನಿಧಾನ ಯಾಕೆ ಎಂದರೆ, ಹೊರಗಿನ ಎಲೆ ತೆಳು, ಅದು ಮೊದಲು ಕುಡಿಯುತ್ತದೆ. ಒಳಗಿನ ಹೂರಣದ ಎಲೆಗಳು ಆಮೇಲೆ ಉಬ್ಬುತ್ತವೆ. ಒಮ್ಮೆಲೇ ಶೇ. 70ರ ಗಾಳಿಗೆ ಒಡ್ಡಿದರೆ ಎರಡೂ ಒಂದೇ ವೇಗದಲ್ಲಿ ಹಿಗ್ಗದೆ ಮೇಲಿನ ಎಲೆ ಸೀಳುತ್ತದೆ. 0.65 ಗ್ರಾಂ ನೀರನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ ಒಂದು ಸಿಗಾರಿಗೆ 22 ಮಿಲಿಗ್ರಾಂ. ಒಂದು ಹನಿ ನೀರು ಸುಮಾರು 50 ಮಿಲಿಗ್ರಾಂ ತೂಗುತ್ತದೆ, ಹಾಗಾಗಿ ದಿನಕ್ಕೆ ಅರ್ಧ ಹನಿಯೂ ಇಲ್ಲ. ಶೇ. 60ರ ಆಸುಪಾಸಿನಲ್ಲಿ ಶುರುಮಾಡಿ, ವಾರ ಹತ್ತು ದಿನಕ್ಕೊಮ್ಮೆ ಎರಡು ಮೂರು ಅಂಕ ಏರಿಸುತ್ತಾ 65ಕ್ಕೆ, ಆಮೇಲೆ ಬೇಕಿದ್ದರೆ 69ಕ್ಕೆ ಒಯ್ಯುವುದು ಸುರಕ್ಷಿತ. ನೀರು ಹೀಗೆ ಮರಳುತ್ತದೆ. ಒಣಗುವಾಗ ಆರಿಹೋದ ಪರಿಮಳ ಮಾತ್ರ ಮರಳುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರಿಗೆ ಈ ನಿಧಾನ ಹೊಸದಲ್ಲ. ಬ್ಯಾರನ್ನಿನಲ್ಲಿ ಬೆಂದ ಎಲೆಯನ್ನು ಬಿಸಿಯಲ್ಲೇ ಮುಟ್ಟಿದರೆ ಪುಡಿಯಾಗುತ್ತದೆ. ಬಾಗಿಲು ತೆರೆದಿಟ್ಟು, ರಾತ್ರಿಯ ತಂಪು ಗಾಳಿ ಕುಡಿಸಿ, ಎಲೆ ಮೆತ್ತಗಾದ ಮೇಲೆಯೇ ಇಳಿಸುತ್ತಾರೆ. ಹವಾನದ ಕಾರ್ಖಾನೆಗಳಲ್ಲಿ ನಡೆಯುವುದು ಇದರ ತಿರುಗುಮುರುಗು. ಸುತ್ತುವ ಮೊದಲು ಎಲೆಯನ್ನು ಒದ್ದೆ ಮಾಡಿರುತ್ತಾರಾದ್ದರಿಂದ ಹೊಸ ಸಿಗಾರಿನಲ್ಲಿ ನೀರು ಹೆಚ್ಚು. ‘ಎಸ್ಕಪರಾತೆ’ ಎಂಬ ಮರದ ಕಪಾಟುಗಳಲ್ಲಿ ವಾರಗಟ್ಟಲೆ ಇಟ್ಟು ಅದನ್ನು ಇಳಿಸಿದ ಮೇಲೆಯೇ ಪೆಟ್ಟಿಗೆಗೆ ತುಂಬುವುದು.

ಈಗ ಮನೆಯ ಲೆಕ್ಕ. ಬೆಂಗಳೂರಿನ ಏಪ್ರಿಲ್, ಕೋಣೆಯ ಉಷ್ಣಾಂಶ 28 ಡಿಗ್ರಿ, ಆರ್ದ್ರತೆ ಶೇ. 35 ಎಂದುಕೊಳ್ಳಿ. ಈ ಉಷ್ಣಾಂಶದಲ್ಲಿ ಗಾಳಿಯ ಗರಿಷ್ಠ ಹಿಡಿತ ಘನ ಮೀಟರಿಗೆ 27.2 ಗ್ರಾಂ. ಪೆಟ್ಟಿಗೆಯೊಳಗೆ ಶೇ. 70 ಇದ್ದರೆ 19 ಗ್ರಾಂ, ಹೊರಗೆ 9.5. ಮುಚ್ಚಳ ತೆರೆದು ಒಳಗಿನ ಗಾಳಿಯೆಲ್ಲ ಬದಲಾಯಿತೆಂದರೂ ಹೋಗುವುದು 0.095 ಗ್ರಾಂ. 16 ಗ್ರಾಂ ಖಾಲಿಯಾಗಲು ಸುಮಾರು 170 ಸಲ ತೆರೆಯಬೇಕು. ದಿನಕ್ಕೊಮ್ಮೆ ತೆರೆದು ನೋಡುವುದರಿಂದ ಸಿಗಾರು ಕೆಡುತ್ತದೆಂಬ ಭಯಕ್ಕೆ ಆಧಾರವಿಲ್ಲ. ಸೋರುವ ಮುಚ್ಚಳದ ಲೆಕ್ಕವೇ ಬೇರೆ. ಸಂದಿನಿಂದ ಗಂಟೆಗೊಮ್ಮೆ ಒಳಗಾಳಿ ಪೂರ್ತಿ ಬದಲಾಗುತ್ತಿದ್ದರೆ ದಿನಕ್ಕೆ 2.3 ಗ್ರಾಂ ಹೋಗುತ್ತದೆ, ಸಿಗಾರುಗಳ ಪಾಲಿನ 16 ಗ್ರಾಂ ಒಂದು ವಾರಕ್ಕೇ ಸಾಕಾಗುವುದಿಲ್ಲ. ಪರೀಕ್ಷೆ ಸುಲಭ: ಉರಿಯುವ ಟಾರ್ಚನ್ನು ಒಳಗಿಟ್ಟು ಮುಚ್ಚಿ, ಕತ್ತಲೆ ಕೋಣೆಯಲ್ಲಿ ಬೆಳಕು ಎಲ್ಲಿ ಇಣುಕುತ್ತದೆಂದು ನೋಡುವುದು.

ನಿರ್ವಹಣೆಯ ಖರ್ಚು ಪೂರ್ತಿ ಈ ಸಂದಿಯ ಮೇಲೆ ನಿಂತಿದೆ. ನೀರು ಕೊಡುವ, ಹೆಚ್ಚಾದರೆ ಹೀರುವ ಉಪ್ಪುದ್ರಾವಣದ ಪೊಟ್ಟಣಗಳನ್ನು ಬೊವೆಡಾ ಮುಂತಾದ ಕಂಪನಿಗಳು ಮಾರುತ್ತವೆ. ಪೆಟ್ಟಿಗೆಯಲ್ಲಿ ಹಿಡಿಸುವ ಪ್ರತಿ 25 ಸಿಗಾರಿಗೆ 60 ಗ್ರಾಮಿನ ಒಂದು ಪೊಟ್ಟಣ ಎಂಬುದು ರೂಢಿಯ ಅಳತೆ. ಎಷ್ಟು ಸಿಗಾರು ಇದೆ ಎಂದಲ್ಲ, ಎಷ್ಟು ಹಿಡಿಸುತ್ತದೆ ಎಂದು ಎಣಿಸಬೇಕು, ಏಕೆಂದರೆ ಮರವೂ ಕುಡಿಯುತ್ತದೆ. 50 ಹಿಡಿಸುವ ಪೆಟ್ಟಿಗೆಗೆ ಎರಡು. ಪೊಟ್ಟಣಕ್ಕೆ 500 ರೂಪಾಯಿ ಎಂದು ಹಿಡಿದು, ಮೂರು ತಿಂಗಳಿಗೊಮ್ಮೆ ಬದಲಿಸಿದರೆ ವರ್ಷಕ್ಕೆ 8 ಪೊಟ್ಟಣ, 4,000 ರೂಪಾಯಿ. ಒಳಗಿರುವುದು 800 ರೂಪಾಯಿಯ 25 ಸಿಗಾರು, ಅಂದರೆ 20,000 ರೂಪಾಯಿಯ ಸರಕು ಎಂದಾದರೆ ಅದರ ಐದನೇ ಒಂದು ಪಾಲು ಬರೀ ಕಾವಲಿಗೆ ಹೋಯಿತು. ಅದೇ ಸರಕನ್ನು ರಬ್ಬರ್ ಸುತ್ತಿನ, ಕ್ಲಿಪ್ ಹಾಕುವ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಪೊಟ್ಟಣ ಎರಡು ಪಟ್ಟು ಕಾಲ ಬಂದರೆ ಖರ್ಚು 2,000ಕ್ಕೆ ಇಳಿಯುತ್ತದೆ. ಡಬ್ಬಿಯ ಬೆಲೆ ಮೊದಲ ವರ್ಷದಲ್ಲೇ ಹುಟ್ಟುತ್ತದೆ. ನೋಟಕ್ಕೆ ಮರದ ಪೆಟ್ಟಿಗೆಯೇ ಚೆಂದ, ಒಪ್ಪುತ್ತೇನೆ. ಆದರೆ ಕೈಯಲ್ಲಿರುವ ಹಣ ಸಿಗಾರಿಗೆ ಹೋಗಬೇಕೋ ಪಾಲಿಶಿಗೆ ಹೋಗಬೇಕೋ ಎಂಬ ಪ್ರಶ್ನೆ ಬಂದರೆ ನಾನು ಡಬ್ಬಿಯ ಕಡೆ.

ಅಳೆಯುವ ಸಾಧನವನ್ನೂ ಅಳೆಯಬೇಕು. ಅಗ್ಗದ ಡಿಜಿಟಲ್ ಮಾಪಕದಲ್ಲಿ ಮೂರರಿಂದ ಐದು ಅಂಕದ ತಪ್ಪು ಸಾಮಾನ್ಯ. 70 ಎಂದು ತೋರಿಸುವಾಗ ನಿಜ 65 ಇರಬಹುದು, 75 ಕೂಡ. ಮೊದಲನೆಯದರಿಂದ ತೊಂದರೆಯಿಲ್ಲ, ಎರಡನೆಯದು ಬೂಷ್ಟಿನ ಹೊಸ್ತಿಲು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕರಗಿಹೋಗದಂತೆ ಕೆಲವೇ ಹನಿ ನೀರು ಹಾಕಿ, ಮಾಪಕದೊಡನೆ ಗಾಳಿಯಾಡದ ಚೀಲದಲ್ಲಿ ಒಂದು ದಿನ ಮುಚ್ಚಿಡಿ. ಒಳಗಿನ ಗಾಳಿ ಶೇ. 75ಕ್ಕೆ ನಿಲ್ಲುತ್ತದೆ, 20 ಡಿಗ್ರಿಯಿರಲಿ 30 ಡಿಗ್ರಿಯಿರಲಿ ಅದು ಒಂದು ಅಂಕವೂ ಕದಲುವುದಿಲ್ಲ. ಮಾಪಕ 71 ತೋರಿಸಿದರೆ, ಮುಂದೆ ಪ್ರತಿ ಓದಿಗೂ 4 ಕೂಡಿಸಿಕೊಳ್ಳಿ.

ಇದಕ್ಕಿಂತ ನಾನು ನಂಬುವುದು ತಕ್ಕಡಿಯನ್ನು. ಆಭರಣ ತೂಗುವ, 0.01 ಗ್ರಾಂವರೆಗೆ ತೋರಿಸುವ ಅಂಗೈಯಗಲದ ತಕ್ಕಡಿ ಮಾಪಕಕ್ಕಿಂತ ಹೆಚ್ಚು ದುಬಾರಿಯಲ್ಲ. ಒಂದು ಸಿಗಾರಿಗೆ ಗುರುತು ಹಾಕಿ ಅದನ್ನೇ ತೂಗುತ್ತಾ ಹೋದರೆ ಎಲೆಯೊಳಗೆ ಎಷ್ಟು ನೀರು ಸೇರಿತೆಂದು ನೇರವಾಗಿ ಗೊತ್ತಾಗುತ್ತದೆ. ದಿನಕ್ಕೆ 0.02, 0.03 ಏರಿದರೆ ಸರಿ. ಒಂದೇ ದಿನ 0.1 ಏರಿತೆಂದರೆ ಪೊಟ್ಟಣವನ್ನು ದೂರ ಸರಿಸಬೇಕು.

ಉಷ್ಣಾಂಶವನ್ನೂ ಮರೆಯುವಂತಿಲ್ಲ. 18ರಿಂದ 21 ಡಿಗ್ರಿ ಒಳ್ಳೆಯದು ಎನ್ನುವುದಕ್ಕೆ ದೊಡ್ಡ ಕಾರಣ ತಂಬಾಕಿನ ದುಂಬಿ. ಎಲೆಯೊಳಗೆ ಮಲಗಿರುವ ಅದರ ಮೊಟ್ಟೆಗೆ 30 ಡಿಗ್ರಿಯ ಬಿಸಿ ಹಬ್ಬ. ಕೆಲವು ವಾರಗಳಲ್ಲಿ ಒಂದು ಪೀಳಿಗೆ ಮುಗಿಸಿ ಸೂಜಿ ಚುಚ್ಚಿದಂಥ ತೂತುಗಳನ್ನು ಬಿಟ್ಟುಹೋಗುತ್ತದೆ.

ಮಂಗಳೂರಿನಲ್ಲಿ ಇಡುವವರು ಜೂನ್ ಬಂದೊಡನೆ ಲೆಕ್ಕವನ್ನು ತಿರುಗಿಸಬೇಕು. 27 ಡಿಗ್ರಿ, ಶೇ. 88ರ ಗಾಳಿಯಲ್ಲಿ ಘನ ಮೀಟರಿಗೆ 22.7 ಗ್ರಾಂ ನೀರಾವಿ ಇದೆ; ಪೆಟ್ಟಿಗೆಯೊಳಗೆ ಶೇ. 70ಕ್ಕೆ ಬೇಕಾದದ್ದು 18. ಅದೇ ಸೋರುವ ಮುಚ್ಚಳದಿಂದ ಈಗ ದಿನಕ್ಕೆ 1.1 ಗ್ರಾಂ ಒಳಗೆ ಬರುತ್ತದೆ, ತಿಂಗಳಿಗೆ 33 ಗ್ರಾಂ. ಆರ್ದ್ರತೆಗೆಂದು ಪೆಟ್ಟಿಗೆಯಲ್ಲಿ ನೀರು ತುಂಬಿದ ಸ್ಪಂಜು ಇಟ್ಟಿದ್ದರೆ ಆಗ ಅದನ್ನು ತೆಗೆದುಬಿಡಬೇಕು, ಶೇ. 65ರ ಪೊಟ್ಟಣ ಹೀರುವ ಕೆಲಸಕ್ಕೆ ಇರಲಿ. ಗುರುತಿನ ಸಿಗಾರು 12.2 ಗ್ರಾಂ ದಾಟಿದರೆ ಎಲೆಯ ನೀರು ಶೇ. 14 ಮೀರಿತು ಎಂದರ್ಥ. ಆಗ ಸಿಲಿಕಾ ಜೆಲ್ಲಿನ ಒಂದು ಚೀಲ ಹಾಕಿ, ತೂಕ 12ಕ್ಕೆ ಇಳಿದ ದಿನ ತೆಗೆಯಿರಿ.